ರಜಾಕಾರ: ಒಂದು ಬೈಗುಳದ ಬೇರು

ಕೊಪ್ಪಳ, ಯಲಬುರ್ಗಾ ಸೀಮೆಯ ಹಿರಿಯರನ್ನು ಹುಟ್ಟಿದ ವರ್ಷ ಕೇಳಿದರೆ ಇಸವಿ ಹೇಳುತ್ತಿರಲಿಲ್ಲ. ‘ರಜಾಕಾರ್ ಹಾವಳ್ಯಾಗ ನಾ ಇನ್ನೂ ಕೂಸು’ ಎನ್ನುತ್ತಿದ್ದರು. ಬರ, ಪ್ಲೇಗುಗಳ ಸಾಲಿನಲ್ಲಿ ಅದೂ ಒಂದು ಕಾಲಗಣನೆ.

ಮಾತಿನ ಬೇರಿನಲ್ಲಿ ಹಾವಳಿ ಇಲ್ಲ. ರಜಾ ಎಂದರೆ ಒಪ್ಪಿಗೆ, ಕಾರ ಎಂದರೆ ಮಾಡುವವ. ಕೂಡಿದರೆ ತಾನಾಗಿ ಮುಂದೆ ಬಂದ ಸ್ವಯಂಸೇವಕ. ಗುಮಾಸ್ತ ಸಾಹೇಬರಿಗೆ ಕೊಡುವ ರಜಾ ಚೀಟಿಯಲ್ಲಿರುವುದೂ ಇದೇ ಒಪ್ಪಿಗೆ. ರಜಾ ಅಂದರೆ ಸಾಲಿ ಹುಡುಗರು ಕುಣಿಯುತ್ತಾರೆ, ರಜಾಕಾರ್ ಅಂದರೆ ಅವರ ಮುತ್ತಜ್ಜಿ ಕದ ಹಾಕಿಕೊಳ್ಳುತ್ತಿದ್ದಳು.

ಹೆಸರನ್ನು ಕೆಡಿಸಿದವರು ಅದನ್ನು ಹೆಮ್ಮೆಯಿಂದ ಇಟ್ಟುಕೊಂಡವರೇ. ಲಾತೂರಿನ ವಕೀಲ ಖಾಸಿಂ ರಜ್ವಿಯ ದಳ 1947–48ರಲ್ಲಿ ಹೈದರಾಬಾದ್ ನಿಜಾಮನ ಸಂಸ್ಥಾನದ ತುಂಬ ಲೂಟಿ, ಕೊಲೆ ನಡೆಸಿತು. ಆಗ ರಾಯಚೂರು ಜಿಲ್ಲೆಯಲ್ಲಿದ್ದ ನಮ್ಮ ತಾಲೂಕುಗಳ ಜನ ಗಡಿ ದಾಟಿ ಮುಂಬೈ ಪ್ರಾಂತ ಸೇರಿದರು. ಅಲ್ಲಿ ಮುಂಡರಗಿಯಲ್ಲಿ ರಜಾಕಾರರ ವಿರುದ್ಧ ನಿಂತ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರವಿತ್ತು. ಶಿಬಿರದ ಹುಡುಗರೂ ತಾವಾಗಿ ಬಂದವರೇ, ನಿಘಂಟಿನ ಲೆಕ್ಕದಲ್ಲಿ ಅವರೂ ರಜಾಕಾರರೇ! ಹಾಗೆ ಕರೆದಿದ್ದರೆ ಬಡಿಗೆ ಎತ್ತುತ್ತಿದ್ದರು.

1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದ ಮೇಲೆ ದಳ ಹೋಯಿತು, ಹೆಸರು ಉಳಿಯಿತು. ತೊಟ್ಟುಕೊಳ್ಳುವವರಿಲ್ಲ, ಎಸೆಯುವವರಷ್ಟೇ. ಖಾಕಿ ತೊಟ್ಟವನಿಗೆ ಅಂಟಬೇಕಾದದ್ದು ಹತ್ತಿ ಹಿಂಜುವ ಪಿಂಜಾರನಿಗೂ ಅಂಟಿತು. ನಿಜಾಮನನ್ನು ಮಣಿಸಿದ ಭಾರತದ ‘ಪೊಲೀಸ್ ಕಾರ್ಯಾಚರಣೆ’ಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ನೋಡಿಬರಲು ಪಂಡಿತ್ ಸುಂದರ್‌ಲಾಲ್ ಸಮಿತಿಯನ್ನೇ ಕಳಿಸಬೇಕಾಯಿತು. ರಜಾಕಾರರಿಗೆ ಬಲಿಯಾದವರಲ್ಲಿ ಮುಸ್ಲಿಮರೂ ಇದ್ದರು: ಸಂಸ್ಥಾನ ಭಾರತ ಸೇರಬೇಕೆಂದು ಬರೆದ ‘ಇಮ್ರೋಜ್’ ಸಂಪಾದಕ ಶೋಯೆಬುಲ್ಲಾ ಖಾನ್‌ರನ್ನು ಅವರು ಅದೇ ವರ್ಷದ ಆಗಸ್ಟ್‌ನಲ್ಲಿ ಕೊಂದಿದ್ದರು. ಬೈಗುಳಕ್ಕೆ ಇಂಥ ನೆನಪು ಭಾರ. ಅದು ಹಗುರಾಗಿದ್ದರೇ ದೂರ ಹಾರುವುದು.

2024ರ ನವೆಂಬರಿನಲ್ಲಿ ಮಹಾರಾಷ್ಟ್ರದ ಚುನಾವಣಾ ವೇದಿಕೆಯಿಂದ ಯೋಗಿ ಆದಿತ್ಯನಾಥರು ಮಲ್ಲಿಕಾರ್ಜುನ ಖರ್ಗೆಯವರಿಗೆ ರಜಾಕಾರರ ನೆನಪು ಮಾಡಿಕೊಟ್ಟರು. ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ ರಜಾಕಾರರು ಹಚ್ಚಿದ ಬೆಂಕಿಗೆ ತಾಯಿಯನ್ನು ಕಳೆದುಕೊಂಡವರಿಗೆ! ಸುಟ್ಟದ್ದು ರಜಾಕಾರರು, ಇಡೀ ಸಮುದಾಯವಲ್ಲ ಎಂದು ಮಗ ಪ್ರಿಯಾಂಕ್ ಉತ್ತರಿಸಿದರು. ಪದವನ್ನು ಅದರ ಅಳತೆಗೆ ತಂದ ಮಾತು ಅದು.

ಬಾಂಗ್ಲಾದ ಕಥೆ ಬೇರೆ. ಅಲ್ಲಿ 1971ರಲ್ಲಿ ಪಾಕಿಸ್ತಾನಿ ಸೇನೆಗೆ ನೆರವಾದವರು ರಜಾಕಾರರು. ಮೀಸಲಾತಿ ವಿರೋಧಿಸಿದ ವಿದ್ಯಾರ್ಥಿಗಳತ್ತ 2024ರ ಜುಲೈನಲ್ಲಿ ಶೇಖ್ ಹಸೀನಾ ಅದೇ ಮಾತು ಎಸೆದರು. ಹುಡುಗರು ‘ನೀನ್ಯಾರು, ನಾನ್ಯಾರು? ರಜಾಕಾರ’ ಎಂದು ಬೀದಿಯಲ್ಲಿ ಕೂಗಿದರು. ಆಗಸ್ಟ್ 5ಕ್ಕೆ ಹಸೀನಾ ದೇಶ ಬಿಟ್ಟರು. ಆ ಕೂಗು ನಮ್ಮ ಕುಷ್ಟಗಿಯ ಸಂತೆಯಲ್ಲಿ ನಡೆಯದು. ಇಲ್ಲಿ ವ್ಯಂಗ್ಯ ತಿಳಿಯುವ ಮೊದಲೇ ಕಲ್ಲು ಬೀಳುತ್ತದೆ.