ಕೂಡಗಿಯ ಹೆಸರು ಬಂದದ್ದು ಎಲ್ಲಿಂದ? ಯುದ್ಧಕಾಲದ ಸೈಬರ್ ಸಂದೇಹಗಳ ಆಕರ ಪರೀಕ್ಷೆ

ನಮ್ಮ ಖಾನಾಪುರ ತಾಲ್ಲೂಕಿನ ಜಾಂಬೋಟಿಯಲ್ಲಿ ಮಳೆಗಾಲಕ್ಕೆ ಕರೆಂಟ್ ಹೋದರೆ ಯಾರಿಗೂ ಸಂಶಯ ಬರುವುದಿಲ್ಲ. ಚೋರ್ಲಾ ಘಾಟಿನ ಕಡೆಯಿಂದ ಗಾಳಿ ಬೀಸಿ, ಟೊಂಗೆ ಮುರಿದು ತಂತಿಯ ಮೇಲೆ ಬಿದ್ದಿರುತ್ತದೆ. ಲೈನ್‌ಮನ್ ಟೊಂಗೆ ಕಡಿದು ರಸ್ತೆಬದಿಗೆ ಎಳೆದು ಹಾಕುತ್ತಾನೆ. ಮರುದಿನ ಬಸ್ಸಿಗೆ ಕಾಯುವವರು ಅದನ್ನು ನೋಡಬಹುದು. ಅಲ್ಲಿಗೆ ಪ್ರಶ್ನೆ ಮುಗಿಯಿತು.

2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ದಿನಗಳಲ್ಲಿ, ಬೇರೆಯದೇ ಒಂದು ಸುದ್ದಿ ಮೊಬೈಲುಗಳಲ್ಲಿ ಹರಿದಾಡಿತು: ಪಾಕಿಸ್ತಾನದ ಸೈಬರ್ ದಾಳಿಯಿಂದ ಭಾರತದ ವಿದ್ಯುತ್ ಜಾಲದ ಶೇ. 70ರಷ್ಟು ಭಾಗ ಕೆಟ್ಟು ನಿಂತಿದೆ ಎಂದು. ಕೇಂದ್ರದ ಪತ್ರಿಕಾ ಮಾಹಿತಿ ಕಚೇರಿ ಅದು ಸುಳ್ಳೆಂದು ಪ್ರಕಟಿಸಿತು. ಅದಕ್ಕೂ ಮೊದಲೇ ಗುಂಡಿ ಒತ್ತಿ ದೀಪ ಉರಿಯಿತೇ ಎಂದು ನೋಡಿದವನಿಗೆ ಉತ್ತರ ಸಿಕ್ಕಿರುತ್ತಿತ್ತು. ಇಂಥ ಸುಳ್ಳು ಸಂಶೋಧಕನಿಗೆ ತೊಡಕಲ್ಲ. ಗುಂಡಿ ಒತ್ತಿ ಪರೀಕ್ಷಿಸಲಾಗದ ಮಾತುಗಳೇ ತೊಡಕು. ನಮ್ಮ ಪಕ್ಕದ ವಿಜಯಪುರ ಜಿಲ್ಲೆಯ ಕೂಡಗಿಯ ಹೆಸರು ಅಂಥದೊಂದು ಮಾತಿನಲ್ಲಿ ಸೇರಿಕೊಂಡಿದೆ.

2020ರ ಜೂನ್ 15ರಂದು ಗಾಲ್ವಾನ್ ಕಣಿವೆಯಲ್ಲಿ ಚೀನಾ ಸೇನೆಯೊಂದಿಗಿನ ಘರ್ಷಣೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಅಕ್ಟೋಬರ್ 12ರ ಬೆಳಿಗ್ಗೆ ಮುಂಬೈ ಕತ್ತಲಾಯಿತು, ಲೋಕಲ್ ರೈಲುಗಳು ಹಳಿಯ ಮೇಲೆಯೇ ನಿಂತವು. 2021ರ ಫೆಬ್ರವರಿ ಕೊನೆಗೆ ಅಮೆರಿಕದ ರೆಕಾರ್ಡೆಡ್ ಫ್ಯೂಚರ್ ಎಂಬ ಕಂಪನಿ ವರದಿಯೊಂದನ್ನು ಹೊರತಂದಿತು. ಚೀನಾದ ನಂಟುಳ್ಳ ಗುಂಪೊಂದು ಭಾರತದ 10 ವಿದ್ಯುತ್ ಸಂಸ್ಥೆಗಳನ್ನೂ 2 ಬಂದರುಗಳನ್ನೂ ಗುರಿಯಾಗಿಸಿದೆ ಎಂಬುದು ಅದರ ಸಾರ. ಗುಂಪಿಗೆ ಕಂಪನಿಯೇ ‘ರೆಡ್ ಎಕೋ’ ಎಂದು ಹೆಸರಿಟ್ಟಿತು. ಬೆಂಗಳೂರಿನಲ್ಲಿರುವ ದಕ್ಷಿಣ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರವೂ 2,400 ಮೆಗಾವಾಟ್ ಸಾಮರ್ಥ್ಯದ ಕೂಡಗಿ ಉಷ್ಣ ವಿದ್ಯುತ್ ಸ್ಥಾವರವೂ ಆ ಪಟ್ಟಿಯಲ್ಲಿದ್ದವು.

ಮಹಾರಾಷ್ಟ್ರದ ಅಂದಿನ ಗೃಹಮಂತ್ರಿ ಅನಿಲ್ ದೇಶಮುಖ್ ಮುಂಬೈ ಕತ್ತಲೆಯ ಹಿಂದೆ ಸೈಬರ್ ಕೈವಾಡದ ಶಂಕೆ ವ್ಯಕ್ತಪಡಿಸಿದರು. ಕೇಂದ್ರದ ಅಂದಿನ ಇಂಧನ ಮಂತ್ರಿ ಆರ್.ಕೆ. ಸಿಂಗ್ ಅದು ಮನುಷ್ಯರ ತಪ್ಪಿನಿಂದ ಆದದ್ದು ಎಂದರು. ಉತ್ತರ ಮತ್ತು ದಕ್ಷಿಣದ ಲೋಡ್ ಡಿಸ್ಪ್ಯಾಚ್ ಕೇಂದ್ರಗಳ ಮೇಲೆ ದಾಳಿ ನಡೆದದ್ದು ಹೌದು, ಆದರೆ ಕುತಂತ್ರಾಂಶವು ವಿದ್ಯುತ್ ಜಾಲವನ್ನು ನಡೆಸುವ ವ್ಯವಸ್ಥೆಯವರೆಗೆ ತಲುಪಲಿಲ್ಲ ಎಂದೂ ಸೇರಿಸಿದರು. ಚೀನಾ ಎಲ್ಲವನ್ನೂ ಅಲ್ಲಗಳೆಯಿತು. ಹೀಗೆ ಒಂದು ಘಟನೆಗೆ ನಾಲ್ಕು ಬಾಯಿ, ನಾಲ್ಕು ಮಾತು.

ಇವನ್ನು ತೂಗಿ ನೋಡಲು ಖಾನಾಪುರ ತಾಲ್ಲೂಕಿನಲ್ಲೇ ಒಂದು ಪರಂಪರೆ ನಮಗಿದೆ. ಹಲಸಿ, ಅಂದರೆ ಕದಂಬರ ಪಲಾಶಿಕಾ, ತಾಮ್ರಪಟಗಳಿಗೆ ಹೆಸರಾದ ಊರು. ಅವನ್ನು ಓದಿ ಅಚ್ಚು ಹಾಕಿಸಿದ ಜೆ.ಎಫ್. ಫ್ಲೀಟ್, ಕೂಟಶಾಸನಗಳನ್ನು, ಅಂದರೆ ಖೋಟಾ ಶಾಸನಗಳನ್ನು, ಗುರುತಿಸುವುದರಲ್ಲೂ ನಿಷ್ಠುರ. ಯಾರು ಬರೆಸಿದರು, ಅದರಿಂದ ಯಾರಿಗೆ ಭೂಮಿ ದಕ್ಕಿತು, ಯಾರ ಕೈಯಲ್ಲಿ ಸಿಕ್ಕಿತು, ಹೇಳುವ ಕಾಲಕ್ಕೆ ಲಿಪಿ ಹೊಂದುತ್ತದೆಯೇ: ಶಾಸನತಜ್ಞರು ಕೇಳುವ ಈ ಪ್ರಶ್ನೆಗಳು ಸೈಬರ್ ವರದಿಗೂ ಸಲ್ಲುತ್ತವೆ.

ರೆಕಾರ್ಡೆಡ್ ಫ್ಯೂಚರ್‌ನ ಸರಕೇ ಎಚ್ಚರಿಕೆ. ಅಪಾಯದ ಮುನ್ಸೂಚನೆಯನ್ನು ಅದು ಚಂದಾದಾರರಿಗೆ ಮಾರುತ್ತದೆ. ಅದರ ಆರಂಭದ ಹೂಡಿಕೆದಾರರಲ್ಲಿ ಗೂಗಲ್‌ನ ಹೂಡಿಕೆ ವಿಭಾಗವಿತ್ತು, ಅಮೆರಿಕದ ಗೂಢಚರ ವಲಯಕ್ಕಾಗಿ ಬಂಡವಾಳ ಹಾಕುವ ಇನ್‌-ಕ್ಯೂ-ಟೆಲ್ ಕೂಡ ಇತ್ತು. 2024ರಲ್ಲಿ ಮಾಸ್ಟರ್‌ಕಾರ್ಡ್ ಅದನ್ನು 265 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಭಯ ಹೆಚ್ಚಿದರೆ ಇಂಥ ಕಂಪನಿಗೆ ಲಾಭವಿದೆ. ಇಷ್ಟಕ್ಕೇ ವರದಿ ಸುಳ್ಳು ಎಂದು ತೀರ್ಮಾನಿಸುವವರ ಜೊತೆ ನಾನು ನಿಲ್ಲಲಾರೆ. ದಾನ ಪಡೆದವನ ಮನೆಯಲ್ಲೇ ಪಟ ಸಿಕ್ಕಿತೆಂದು ಯಾವ ಶಾಸನವೂ ಕೂಟವಾಗುವುದಿಲ್ಲ. ಪರೀಕ್ಷೆ ಬಿಗಿಯಾಗಬೇಕು, ಅಷ್ಟೆ.

ಬಿಗಿಯಾಗಿ ನೋಡಿದರೆ ಎರಡು ಸಂಗತಿ ಕಾಣುತ್ತವೆ. ಮೊದಲನೆಯದು, ಕಂಪನಿಯವರು ಸ್ಥಾವರದ ಕಂಪ್ಯೂಟರುಗಳನ್ನು ತೆರೆದು ನೋಡಿದವರಲ್ಲ. ಶ್ಯಾಡೋಪ್ಯಾಡ್ ಎಂಬ ಕುತಂತ್ರಾಂಶವನ್ನು ನಡೆಸುವ ಸರ್ವರುಗಳೊಂದಿಗೆ ಯಾವ ಯಾವ ಭಾರತೀಯ ವಿಳಾಸಗಳು ಸಂಪರ್ಕದಲ್ಲಿವೆ ಎಂದು ಹೊರಗಿನ ದಟ್ಟಣೆಯಲ್ಲಿ ಕಂಡರು. ಓಣಿಯಲ್ಲಿ ನಿಂತು ಯಾರ ಮನೆಗೆ ಯಾರು ಬಂದುಹೋದರೆಂದು ಗುರುತು ಹಾಕಿಕೊಂಡಂತೆ. ಒಳಗೆ ಏನು ನಡೆಯಿತೋ ಅದಕ್ಕೆ ಅವರು ಸಾಕ್ಷಿಯಲ್ಲ. ಎರಡನೆಯದನ್ನು ವರದಿಯೇ ಹೇಳಿಕೊಂಡಿದೆ: ಮುಂಬೈ ಕತ್ತಲೆಗೂ ಕುತಂತ್ರಾಂಶಕ್ಕೂ ಸಂಬಂಧ ಸಾಬೀತಾಗಿಲ್ಲ. ಆ ವಾಕ್ಯ ಪತ್ರಿಕೆಗಳ ತಲೆಬರಹಕ್ಕೆ ಏರಲಿಲ್ಲ.

ಸರ್ಕಾರದ ಮಾತನ್ನೂ ಇದೇ ತಕ್ಕಡಿಗೆ ಹಾಕಬೇಕು. 2019ರ ಅಕ್ಟೋಬರ್ 29ರಂದು ಕೂಡಂಕುಳಂ ಅಣುವಿದ್ಯುತ್ ಸ್ಥಾವರ ತನ್ನ ಮೇಲಿನ ಸೈಬರ್ ದಾಳಿಯ ಸುದ್ದಿಯನ್ನು ಸುಳ್ಳೆಂದಿತು. ಮರುದಿನವೇ ಅಣುವಿದ್ಯುತ್ ನಿಗಮ ಕುತಂತ್ರಾಂಶ ಸಿಕ್ಕದ್ದು ನಿಜ, ಸೆಪ್ಟೆಂಬರ್ 4ರಂದೇ ಮಾಹಿತಿ ಬಂದಿತ್ತು ಎಂದು ಒಪ್ಪಿತು. ಅದು ಆಡಳಿತದ ಕಂಪ್ಯೂಟರಿಗೆ ಸೀಮಿತವಾಗಿತ್ತು, ನಿಯಂತ್ರಣ ವ್ಯವಸ್ಥೆಗೆ ತಗಲಿರಲಿಲ್ಲ ಎಂದಿತು. ಅದೇ ನಿಗಮ ನಮ್ಮ ಕೈಗಾ ಸ್ಥಾವರವನ್ನೂ ನಡೆಸುತ್ತದೆ. ಮೊದಲ ದಿನದ ನಿರಾಕರಣೆ ಇಲ್ಲದಿದ್ದರೆ ಎರಡನೇ ದಿನದ ವಿವರಣೆಯನ್ನು ಜನ ಇನ್ನಷ್ಟು ಸುಲಭವಾಗಿ ನಂಬುತ್ತಿದ್ದರು.

ಕಂಪನಿಗಳ ಉದ್ದೇಶದ ಬಗೆಗಿನ ಸಂದೇಹಕ್ಕೆ ದಾಳಿಯೇ ಬೇಕೆಂದಿಲ್ಲ. 2025ರ ಜುಲೈ 18ರಂದು ಐರೋಪ್ಯ ಒಕ್ಕೂಟ, ರಷ್ಯಾದ ರೋಸ್ನೆಫ್ಟ್ ಪಾಲುದಾರಿಕೆಯ ನಯಾರಾ ಎನರ್ಜಿಯ ಮೇಲೆ ನಿರ್ಬಂಧ ಹೇರಿತು. ಬೆನ್ನಿಗೇ ಮೈಕ್ರೋಸಾಫ್ಟ್ ಆ ಕಂಪನಿಯ ಇಮೇಲ್ ಮುಂತಾದ ಸೇವೆಗಳನ್ನು ನಿಲ್ಲಿಸಿತು. ದೇಶದಲ್ಲಿ 6,000ಕ್ಕೂ ಹೆಚ್ಚು ಪೆಟ್ರೋಲ್ ಬಂಕುಗಳಿರುವ ಸಂಸ್ಥೆ ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. ಕೆಲವೇ ದಿನಗಳಲ್ಲಿ ಸೇವೆ ಮರಳಿತು. ದುಡ್ಡು ಕೊಟ್ಟು ಪಡೆದ ತಂತ್ರಾಂಶದ ಬೀಗದ ಕೈ, ನಮ್ಮ ಸಂಸತ್ತು ಮಾಡದ ಕಾನೂನಿಗೆ ತಲೆಬಾಗುವವರ ಬಳಿ ಇದೆ. ರೆಡ್ ಎಕೋ ವರದಿಗಿಂತ ನನ್ನನ್ನು ಹೆಚ್ಚು ಕಾಡುವುದು ಈ ಘಟನೆ. ಇಲ್ಲಿ ಊಹೆಗೆ ಜಾಗವೇ ಇಲ್ಲ.

ಗಡಿ ತಾಲ್ಲೂಕಿಗೆ ಇದರಲ್ಲಿ ಇನ್ನೊಂದು ಮುಖವಿದೆ. ವಿದ್ಯುತ್ ಲೆಕ್ಕದಲ್ಲಿ ಜಾಂಬೋಟಿ ದಕ್ಷಿಣ ವಲಯದ ಅಂಚು. ಚೋರ್ಲಾ ದಾಟಿದರೆ ಗೋವಾ, ಅದು ಪಶ್ಚಿಮ ವಲಯ. 2012ರ ಜುಲೈಯಲ್ಲಿ ಉತ್ತರ ಭಾರತ ಕತ್ತಲಾದಾಗ ದಕ್ಷಿಣ ಬೆಳಗುತ್ತಿತ್ತು, ಏಕೆಂದರೆ ಆಗ ನಮ್ಮ ಜಾಲ ಉಳಿದದ್ದರೊಂದಿಗೆ ಒಂದೇ ಲಯದಲ್ಲಿ ಕೂಡಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ಎರಡನ್ನೂ ಬೆಸೆಯಿತು. ಅಂದಿನಿಂದ ಮುಂಬೈ ಕಡೆಯ ದೋಷವೂ ಸಂದೇಹವೂ ನಮ್ಮವೇ.

ಫ್ಲೀಟ್ ಕೂಟವೆಂದು ತಳ್ಳಿಹಾಕಿದ ಗಂಗರ ಕೆಲವು ಪಟಗಳನ್ನು ಮುಂದಿನ ವಿದ್ವಾಂಸರು ಒಪ್ಪಿಕೊಂಡರು. ಪಾಠ ಅಚ್ಚಾಗಿದ್ದರಿಂದ ಅದು ಸಾಧ್ಯವಾಯಿತು. ಯಾರು ಬೇಕಾದರೂ ಅಕ್ಷರಕ್ಕೆ ಅಕ್ಷರ ಹಿಡಿದು ವಾದಿಸಬಹುದಿತ್ತು. ಕೂಡಗಿಯ ವಿಷಯದಲ್ಲಿ ಓದುಗರಿಗೆ ದಕ್ಕಿರುವುದು ಕಂಪನಿಯೊಂದರ ಪಟ್ಟಿ, ಮಂತ್ರಿಗಳ ಹೇಳಿಕೆ. ಆ ದಿನಗಳ ಸರ್ವರ್ ದಾಖಲೆಗಳನ್ನು, ಗುಟ್ಟಿನ ಭಾಗ ಮುಚ್ಚಿಟ್ಟಾದರೂ, ಸ್ವತಂತ್ರ ತಜ್ಞರ ಮುಂದಿಡಲಿ. ಟೊಂಗೆ ಬಿದ್ದಿತ್ತೋ ಇಲ್ಲವೋ ಆಗ ನೋಡೋಣ.