ಗುಲಾಬಿ ಮೆರವಣಿಗೆ

ಗುಲಾಬಿ ಮೆರವಣಿಗೆ: 2011ರ ಜುಲೈ 22ರ ಹತ್ಯಾಕಾಂಡದಲ್ಲಿ ಮಡಿದ 77 ಮಂದಿಗಾಗಿ ನಾರ್ವೆಯ ಜನ ಬೀದಿಗಿಳಿದು ನಡೆಸಿದ ಶೋಕಾಚರಣೆ. ಜುಲೈ 25ರ ಸೋಮವಾರ ಸಂಜೆ ರಾಜಧಾನಿ ಓಸ್ಲೋದಲ್ಲೂ ದೇಶದ ಇತರ ಊರುಗಳಲ್ಲೂ ನಡೆಯಿತು. ಸತ್ತವರ ಮುಖವನ್ನೂ ಕಾಣದಿದ್ದ ಲಕ್ಷಾಂತರ ಜನ ಅದರಲ್ಲಿ ಪಾಲ್ಗೊಂಡರು. ಸಾಮೂಹಿಕ ಹಿಂಸೆಯ ನಂತರ ಅಪರಿಚಿತರಿಗಾಗಿ ಜನ ಹೇಗೆ ಅಳುತ್ತಾರೆ, ಆ ಅಳುವಿಗೆ ಎಷ್ಟು ಆಯುಸ್ಸು ಎಂಬುದನ್ನು ತಿಳಿಯಲು ಈ ಪ್ರಸಂಗ ಮುಖ್ಯವಾದುದು.

ಆ ಶುಕ್ರವಾರ ಮಧ್ಯಾಹ್ನ 3.25ಕ್ಕೆ ಓಸ್ಲೋದ ಸರ್ಕಾರಿ ಕಚೇರಿಗಳ ಆವರಣದಲ್ಲಿ ವ್ಯಾನಿನಲ್ಲಿಟ್ಟಿದ್ದ ಬಾಂಬ್ ಸಿಡಿದು 8 ಮಂದಿ ಸತ್ತರು. ಬಾಂಬ್ ಇಟ್ಟವನು 32 ವರ್ಷದ ನಾರ್ವೆಯ ಪ್ರಜೆ, ವಲಸಿಗರನ್ನೂ ಮುಸ್ಲಿಮರನ್ನೂ ದ್ವೇಷಿಸುತ್ತಿದ್ದ ಬಲಪಂಥೀಯ ಉಗ್ರ. ಅಲ್ಲಿಂದ ಅವನು ಪೊಲೀಸ್ ವೇಷದಲ್ಲಿ ತೀರಿಫ್ಯೂರ್ ಸರೋವರದ ಉಟೋಯ ದ್ವೀಪಕ್ಕೆ ಹೋದ. ಲೇಬರ್ ಪಕ್ಷದ ಯುವಘಟಕದ ಬೇಸಿಗೆ ಶಿಬಿರ ಅಲ್ಲಿ ನಡೆಯುತ್ತಿತ್ತು. ಒಂದು ಗಂಟೆಗೂ ಹೆಚ್ಚು ಕಾಲ ನಡೆದ ಗುಂಡಿನ ದಾಳಿಯಲ್ಲಿ 69 ಮಂದಿ ಪ್ರಾಣ ಕಳೆದುಕೊಂಡರು. ಬಹುಪಾಲು ಹದಿಹರೆಯದವರು. ತಣ್ಣಗೆ ಕೊರೆಯುವ ನೀರಿಗೆ ಹಾರಿ ಈಜುತ್ತಿದ್ದ ಮಕ್ಕಳನ್ನು ದಡದ ನಿವಾಸಿಗಳೂ ಅಲ್ಲಿ ಬಿಡಾರ ಹೂಡಿದ್ದ ಪ್ರವಾಸಿಗರೂ ತಮ್ಮ ತಮ್ಮ ದೋಣಿ ಇಳಿಸಿ ಎಳೆದುಕೊಂಡರು. ಅಪರಿಚಿತರಿಗಾಗಿ ಮಿಡಿದವರಲ್ಲಿ ಇವರೇ ಮೊದಲಿಗರು. ಮುಂದೆ ಅತ್ಯಂತ ಕಹಿಯಾದ ವಿವಾದದಲ್ಲಿ ಸಿಕ್ಕಿಕೊಂಡವರೂ ಇವರೇ.

ದೇಶದ ಜನಸಂಖ್ಯೆ ಆಗ 50 ಲಕ್ಷಕ್ಕೂ ಕಡಿಮೆ. ಶಿಬಿರಕ್ಕೆ ಮೂಲೆಮೂಲೆಯಿಂದ ಮಕ್ಕಳು ಬಂದಿದ್ದರಿಂದ ಸಾವಿನ ಸುದ್ದಿ ಸಣ್ಣ ಸಣ್ಣ ಊರುಗಳಿಗೂ ಮುಟ್ಟಿತು. ಕೊಲೆಗಾರ ಯಾರೆಂದು ತಿಳಿಯುವ ಮೊದಲಿನ ಕೆಲವು ತಾಸು ಬೇರೆಯೇ ಬಗೆಯವು: ಇದು ಇಸ್ಲಾಮಿ ಭಯೋತ್ಪಾದಕರ ಕೃತ್ಯವೆಂದು ಹಲವರು ಊಹಿಸಿದರು, ಓಸ್ಲೋದ ಬೀದಿಗಳಲ್ಲಿ ವಲಸಿಗರು ಬೈಗುಳ ಕೇಳಬೇಕಾಯಿತು. ಕೊಂದವನು ಹೊರಗಿನವನಾಗಿದ್ದರೆ ಇಡೀ ಊರು ಹೀಗೆ ಒಂದಾಗಿ ನಿಲ್ಲುತ್ತಿತ್ತೇ ಎಂಬ ಪ್ರಶ್ನೆಯನ್ನು ಈ ಶೋಕವನ್ನು ಮೆಚ್ಚುವವರೂ ಬದಿಗಿಡಬಾರದು.

ಬಂಧುವಿನ ಸಾವಿಗೆ ಎಲ್ಲ ಸಮಾಜಗಳಲ್ಲೂ ಒಂದು ಕ್ರಮವಿದೆ. ನಮ್ಮಲ್ಲಿ ಯಾರಿಗೆ ಎಷ್ಟು ದಿನ ಸೂತಕ, ಯಾವ ದಿನ ಯಾವ ಕರ್ಮ ಎಂಬುದೆಲ್ಲ ಮೊದಲೇ ಗೊತ್ತಿರುತ್ತದೆ. ಗುರುತಿಲ್ಲದವರಿಗೆ ಅಂಥ ಕ್ರಮವಿಲ್ಲ. ದುಃಖ ಮಾತ್ರ ಬರುತ್ತದೆ, ಅದನ್ನು ಎಲ್ಲಿ ಇಳಿಸಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ನಾರ್ವೆಯ ಜನ ಅದನ್ನು ಓಸ್ಲೋ ಕೆಥೆಡ್ರಲ್‌ನ ಎದುರು ಇಳಿಸಿದರು. ಜುಲೈ 24ರ ಭಾನುವಾರ ಅಲ್ಲಿ ಪ್ರಾರ್ಥನೆ ನಡೆಯಿತು. ಅಂಗಳದಲ್ಲಿ ಹೂವು, ಮೇಣದಬತ್ತಿ, ಧ್ವಜ, ಆಟಿಕೆ, ಚೀಟಿಗಳು ದಿನದಿನಕ್ಕೆ ಬೆಳೆದು ರಸ್ತೆಯವರೆಗೂ ಹರಡಿದವು. ಮರುದಿನ ನಡುಹಗಲು 12ಕ್ಕೆ ದೇಶವೆಲ್ಲ ಒಂದು ನಿಮಿಷ ಸ್ತಬ್ಧವಾಯಿತು.

ಮೆರವಣಿಗೆಯ ಕರೆ ಸಾಮಾಜಿಕ ಜಾಲತಾಣಗಳ ಮೂಲಕ ಹಬ್ಬಿತು. ಪೊಲೀಸರ ಅಂದಾಜಿನಂತೆ ಓಸ್ಲೋದ ಪುರಭವನದ ಚೌಕದಲ್ಲಿ ಸುಮಾರು 2 ಲಕ್ಷ ಜನ ಸೇರಿದರು. ಅಂದರೆ ನಗರದ ಜನಸಂಖ್ಯೆಯ ಸುಮಾರು ಮೂರನೇ ಒಂದು ಪಾಲು. ಕಾಲಿಡಲು ಜಾಗವಿಲ್ಲದೆ ಮೆರವಣಿಗೆ ಹೊರಡಲೇ ಇಲ್ಲ. ಜನ ನಿಂತಲ್ಲೇ ಗುಲಾಬಿ ಹಿಡಿದ ಕೈಯನ್ನು ಮೇಲೆತ್ತಿದರು. ಪ್ರಧಾನಿ ಯೆನ್ಸ್ ಸ್ಟೋಲ್ಟೆನ್‌ಬರ್ಗ್, ಯುವರಾಜ ಹೋಕೊನ್ ಮಾತನಾಡಿದರು. ಹಿಂಸೆಗೆ ಉತ್ತರ ಇನ್ನಷ್ಟು ಪ್ರಜಾಪ್ರಭುತ್ವ, ಇನ್ನಷ್ಟು ಮುಕ್ತತೆ ಎಂಬುದು ಪ್ರಧಾನಿ ಆ ದಿನಗಳಲ್ಲಿ ಮತ್ತೆ ಮತ್ತೆ ಹೇಳಿದ ಮಾತಿನ ಸಾರ. ಕೆಂಪು ಗುಲಾಬಿ ಲೇಬರ್ ಪಕ್ಷದ ಚಿಹ್ನೆ. ಆ ಸಂಜೆ ಬೇರೆ ಪಕ್ಷಗಳವರೂ ಅದನ್ನು ಹಿಡಿದು ಬಂದದ್ದರಿಂದ ಅದು ಎಲ್ಲರ ಹೂವಾಯಿತು. ಸತ್ತ ಮಕ್ಕಳು ಒಂದು ರಾಜಕೀಯ ನಿಲುವಿಗಾಗಿಯೇ ಗುರಿಯಾದರು ಎಂಬ ಸಂಗತಿ ಅದರೊಂದಿಗೇ ಸ್ವಲ್ಪ ಮಸುಕಾಯಿತು.

ಶೋಕಕ್ಕೆ ಹಾಡೂ ಬೇಕಿತ್ತು. ನೂರ್ದಾಲ್ ಗ್ರೀಗ್ 1936ರಲ್ಲಿ ಯುವಜನರನ್ನು ಉದ್ದೇಶಿಸಿ ಬರೆದ ಯುದ್ಧವಿರೋಧಿ ಕವಿತೆಯನ್ನು ಸಭೆ ಸಭೆಗಳಲ್ಲಿ ಹಾಡಿದರು. 2012ರ ಏಪ್ರಿಲ್‌ನಲ್ಲಿ ವಿಚಾರಣೆ ಆರಂಭವಾದಾಗ ಆರೋಪಿ ನ್ಯಾಯಾಲಯದಲ್ಲಿ ‘ಕಾಮನಬಿಲ್ಲಿನ ಮಕ್ಕಳು’ ಎಂಬ ಜನಪ್ರಿಯ ಮಕ್ಕಳ ಹಾಡನ್ನು ಹಳಿದ. ಅಮೆರಿಕದ ಗಾಯಕ ಪೀಟ್ ಸೀಗರ್ ಅವರ ಹಾಡನ್ನು ಲಿಲ್ಲೆಬ್ಯೋರ್ನ್ ನಿಲ್ಸೆನ್ ನಾರ್ವೆಯ ನುಡಿಗೆ ತಂದದ್ದು ಅದು. ಏಪ್ರಿಲ್ 26ರಂದು ಸುಮಾರು 40,000 ಜನ ಮಳೆಯಲ್ಲೇ ಓಸ್ಲೋದ ಇನ್ನೊಂದು ಚೌಕದಲ್ಲಿ ಸೇರಿ, ನಿಲ್ಸೆನ್ ಅವರೊಡನೆ ಆ ಹಾಡನ್ನೇ ಹಾಡಿ, ಗುಲಾಬಿ ಹಿಡಿದು ನ್ಯಾಯಾಲಯದತ್ತ ನಡೆದರು. ಆಗಸ್ಟ್ 24ರಂದು ಅಪರಾಧಿಗೆ 21 ವರ್ಷಗಳ, ಮುಂದೆ ವಿಸ್ತರಿಸಬಹುದಾದ ಸೆರೆವಾಸ ವಿಧಿಸಲಾಯಿತು. ಅದೇ ತಿಂಗಳು ಹೊರಬಂದ ತನಿಖಾ ಆಯೋಗದ ವರದಿ, ಪೊಲೀಸರು ಅವನನ್ನು ಇನ್ನೂ ಬೇಗ ತಡೆಯಬಹುದಿತ್ತು ಎಂದು ಹೇಳಿತು.

ಬೀದಿಯಲ್ಲಿ ಜನ ಬಿಟ್ಟುಹೋದ ಪತ್ರ, ಚಿತ್ರ, ಚೀಟಿಗಳನ್ನು ರಾಷ್ಟ್ರೀಯ ಪತ್ರಾಗಾರ ಸಂಗ್ರಹಿಸಿ ಇಟ್ಟಿದೆ. ವಿವೇಕದ ಕೆಲಸವಿದು, ಹೂವು ಬಾಡಿದ ಮೇಲೆ ಉಳಿಯುವುದು ಅಕ್ಷರ ಮಾತ್ರ. ಹಲವು ದೇಶಗಳ ಕಮ್ಮಾರರು ಕುಲುಮೆಯಲ್ಲಿ ಬಡಿದು ಕಳುಹಿಸಿದ ಕಬ್ಬಿಣದ ಗುಲಾಬಿಗಳ ಸ್ಮಾರಕವೂ 2019ರಲ್ಲಿ ಕೆಥೆಡ್ರಲ್‌ನ ಹೊರಗೆ ನೆಲೆಯಾಯಿತು.

ಸರ್ಕಾರಿ ಸ್ಮಾರಕದ ಹಾದಿ ಇಷ್ಟು ಸುಗಮವಾಗಿರಲಿಲ್ಲ. 2014ರಲ್ಲಿ ಸ್ವೀಡನ್‌ನ ಕಲಾವಿದ ಯೂನಸ್ ಡಾಲ್‌ಬರ್ಗ್ ಅವರ ‘ನೆನಪಿನ ಗಾಯ’ ಎಂಬ ಯೋಜನೆ ಆಯ್ಕೆಯಾಯಿತು. ಉಟೋಯದ ಎದುರಿನ ಸೋರ್‌ಬ್ರೋಟೆನ್ ಭೂಶಿರದಲ್ಲಿ ಮೂರೂವರೆ ಮೀಟರ್ ಅಗಲಕ್ಕೆ ಬಂಡೆಯನ್ನು ಸೀಳಿ, ನೀರಿನಾಚೆಯ ಗೋಡೆಯ ಮೇಲೆ ಹೆಸರುಗಳನ್ನು ಕೆತ್ತಬೇಕೆಂಬುದು ಅದರ ಕಲ್ಪನೆ. ಜಗತ್ತಿನ ಕಲಾವಿಮರ್ಶಕರು ಕೊಂಡಾಡಿದರು. ದಡದ ನಿವಾಸಿಗಳು ಮಾತ್ರ ಒಪ್ಪಲಿಲ್ಲ, ನ್ಯಾಯಾಲಯದ ಮೆಟ್ಟಿಲೇರಿದರು. ದೋಣಿ ಇಳಿಸಿದ್ದವರೂ ಅವರಲ್ಲಿದ್ದರು; ಆ ಸಂಜೆಯನ್ನು ಕಣ್ಣಾರೆ ಕಂಡವರು ಸೀಳಿದ ಬಂಡೆಯನ್ನು ದಿನವೂ ನೋಡುತ್ತ ಬಾಳಬೇಕಾಗುತ್ತಿತ್ತು. 2017ರಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ದೂರದವರ ದುಃಖಕ್ಕೆ ಗಟ್ಟಿಯಾದ ಗುರುತು ಬೇಕು, ಹತ್ತಿರದವರಿಗೆ ಆ ಗುರುತೇ ಹೊರೆ. ಇಲ್ಲಿ ಹತ್ತಿರದವರ ಮಾತು ನಡೆದದ್ದು ನ್ಯಾಯವೆಂದೇ ಹೇಳಬೇಕು. ಬದಲಿಗೆ ಉಟೋಯಕ್ಕೆ ದೋಣಿ ಹೊರಡುವ ಕಟ್ಟೆಯ ಬಳಿ 77 ಕಂಚಿನ ಕಂಬಗಳ ಸ್ಮಾರಕವನ್ನು ಯೋಜಿಸಲಾಯಿತು. ಅದಕ್ಕೂ ನೆರೆಯವರ ಆಕ್ಷೇಪ ಬಂತು. ಈ ಸಲ ನ್ಯಾಯಾಲಯ ಸರ್ಕಾರದ ಪರ ತೀರ್ಪಿತ್ತಿತು, 2022ರಲ್ಲಿ ಕೆಲಸ ಮುಗಿಯಿತು.

ದ್ವೀಪದೊಳಗೆ ಯುವಘಟಕವೇ ಬೇರೆ ದಾರಿ ಹಿಡಿಯಿತು. 2015ರಲ್ಲಿ ಪೈನ್ ಮರಗಳ ನಡುವೆ ಹೆಸರು ಕೊರೆದ ಉಕ್ಕಿನ ಬಳೆಯೊಂದನ್ನು ತೂಗುಹಾಕಲಾಯಿತು. ತಮ್ಮ ಮಕ್ಕಳ ಹೆಸರನ್ನು ಆಗಲೇ ಬರೆಸಲು ಮನಸ್ಸಾಗದ ಕುಟುಂಬಗಳಿಗಾಗಿ ಅದರಲ್ಲಿ ಖಾಲಿ ಜಾಗ ಬಿಡಲಾಗಿದೆ. 13 ಮಂದಿ ಸತ್ತ ಕೆಫೆ ಕಟ್ಟಡವನ್ನು ಕೆಡವಬೇಕೇ ಉಳಿಸಬೇಕೇ ಎಂಬ ಚರ್ಚೆ ಬಹುಕಾಲ ನಡೆದು, ಅದರ ಒಂದು ಭಾಗವನ್ನು ಉಳಿಸಿ ಸುತ್ತ ಹೊಸ ಮನೆ ಕಟ್ಟಲಾಯಿತು: ಒಳಗೆ ಸತ್ತವರಿಗಾಗಿ 69 ಕಂಬ, ಹೊರಗೆ ಬದುಕುಳಿದವರಿಗಾಗಿ 495 ಕಂಬ. ಬದುಕಿದವರನ್ನೂ ಎಣಿಸಿದ ಸ್ಮಾರಕಗಳು ಅಪರೂಪ. ಬೇಸಿಗೆ ಶಿಬಿರ 2015ರಲ್ಲಿ ಮತ್ತೆ ಆರಂಭವಾಯಿತು.

ಬದುಕುಳಿದವರನ್ನು ನಾರ್ವೆಯ ಸಂಶೋಧಕರು ವರ್ಷಗಟ್ಟಲೆ ಭೇಟಿಮಾಡುತ್ತ ಬಂದಿದ್ದಾರೆ. ನಿದ್ರಾಭಂಗ, ತಲೆನೋವು, ಆಘಾತದ ಲಕ್ಷಣಗಳು ಹಲವರಲ್ಲಿ ದೀರ್ಘಕಾಲ ಮುಂದುವರಿದಿವೆ. ಅವರಲ್ಲಿ ಅನೇಕರಿಗೆ, ಉಟೋಯದಲ್ಲಿದ್ದ ಕಾರಣಕ್ಕಾಗಿಯೇ, ಬೆದರಿಕೆ ಮತ್ತು ದ್ವೇಷದ ಸಂದೇಶಗಳು ಬಂದಿವೆ. ಗುಲಾಬಿ ಹಿಡಿದು ನಿಂತ ದೇಶವೇ ತಮ್ಮನ್ನು ಕೊಲ್ಲಲು ಬಂದ ಸಿದ್ಧಾಂತದ ಬಗ್ಗೆ ಮಾತನಾಡಲು ಹಿಂಜರಿಯಿತು ಎಂದು ಅವರಲ್ಲಿ ಹಲವರು 2021ರ ಹತ್ತನೆಯ ವರ್ಷದ ಸ್ಮರಣೆಯ ಹೊತ್ತಿಗೆ ಬಹಿರಂಗವಾಗಿ ಹೇಳಿದರು; ಆ ಚರ್ಚೆ ನಾರ್ವೆಯ ರಾಜಕೀಯದಲ್ಲಿ ಇನ್ನೂ ನಡೆಯುತ್ತಿದೆ.