ಪತ್ತೇದಾರನ ಸೋಲು ಮತ್ತು ಚಿದಂಬರದ ಪರದೆ



ಈಚಿನ ಪತ್ತೇದಾರಿ ಚಿತ್ರಗಳು ಮನಸ್ಸಿಗೆ ನೆಮ್ಮದಿ ಕೊಡುವುದಿಲ್ಲ, ಕೊಲೆಗಾರ ಸಿಕ್ಕರೂ ಕತ್ತಲೆ ಕಳೆಯುವುದಿಲ್ಲ ಎಂಬ ಮಾತನ್ನು ನಿಮ್ಮಲ್ಲಿ ಹಲವರು ಆಗಾಗ ಆಡುತ್ತೀರಿ. ಇದು ಪಾಶ್ಚಾತ್ಯರಿಂದ ಬಂದ ಚಾಳಿ ಎಂಬುದು ಸಾಮಾನ್ಯ ಅಭಿಪ್ರಾಯ. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ನಮ್ಮಲ್ಲಿಯೇ ಹುಡುಕಬೇಕು. ಅಂತ್ಯಗಳನ್ನು ಕುರಿತ ಲೇಖನವಾದ್ದರಿಂದ ಕೆಲವು ಕಥೆಗಳ ಕೊನೆಯನ್ನು ಹೇಳದೆ ವಿಧಿಯಿಲ್ಲ.

ನನ್ನ ತಲೆಮಾರಿನವರಿಗೆ ಪತ್ತೇದಾರಿ ಎಂದರೆ ಎನ್. ನರಸಿಂಹಯ್ಯನವರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಶಾಲೆ ಕಂಡ ಅವರು 500ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, ಸಾವಿರಾರು ಮಂದಿಗೆ ಕನ್ನಡ ಓದುವ ರುಚಿ ಹತ್ತಿಸಿದರು. ಅವರ ಪತ್ತೇದಾರ ಪುರುಷೋತ್ತಮನ ಲೋಕದಲ್ಲಿ ಒಂದು ಭರವಸೆಯಿತ್ತು. ಅಪರಾಧವೆಂಬುದು ಬಟ್ಟೆಗೆ ತಗುಲಿದ ಕಲೆ. ಅದನ್ನು ತೊಳೆದರೆ ಬಟ್ಟೆ ಮೊದಲಿನಂತಾಗುತ್ತದೆ. ಷರ್ಲಾಕ್ ಹೋಮ್ಸ್‌ನ ಕಥೆಗಳ ತಳಹದಿಯೂ ಇದೇ. ಬುದ್ಧಿಗೆ ನಿಲುಕದ ರಹಸ್ಯವಿಲ್ಲ ಎಂಬುದು ಆ ಕಾಲದ ನಂಬಿಕೆ.

ಈ ನಂಬಿಕೆಯನ್ನು ಬುಡಮೇಲು ಮಾಡಿದವರಲ್ಲಿ ಅಮೆರಿಕದ ಲೇಖಕ ಎಚ್. ಪಿ. ಲವ್‌ಕ್ರಾಫ್ಟ್ (1890–1937) ಮುಖ್ಯನಾದವನು. 1928ರಲ್ಲಿ ಪ್ರಕಟವಾದ ಅವನ 'ದಿ ಕಾಲ್ ಆಫ್ ಕ್ತುಲು' ಎಂಬ ಕಥೆಯ ಹಂದರ ಪತ್ತೇದಾರಿಯದೇ. ತೀರಿಹೋದ ಹಿರಿಯನೊಬ್ಬನ ಕಾಗದಪತ್ರಗಳು, ಒಬ್ಬ ಪೊಲೀಸ್ ಅಧಿಕಾರಿಯ ಹೇಳಿಕೆ, ಪತ್ರಿಕೆಯ ತುಣುಕು, ಇವನ್ನೆಲ್ಲ ಕಥೆಗಾರ ಒಂದೊಂದಾಗಿ ಜೋಡಿಸುತ್ತಾನೆ. ಜೋಡಣೆ ಪೂರ್ಣವಾದಾಗ ಅವನಿಗೆ ಕಾಣುವುದು ಅಪರಾಧಿಯಲ್ಲ, ಮನುಷ್ಯನ ಇರವನ್ನೇ ಲೆಕ್ಕಕ್ಕಿಡದ ಒಂದು ವಿಶ್ವ. ತಿಳಿಯದಿದ್ದರೇ ಚೆನ್ನಾಗಿತ್ತು ಎಂದು ಅವನು ಹಲುಬುತ್ತಾನೆ. ಪತ್ತೇದಾರನ ಗೆಲುವೇ ಅವನ ನಾಶಕ್ಕೆ ಕಾರಣವಾಗುವ ಈ ತಿರುವು ಮುಂದೆ ತೆರೆಯ ಮೇಲೂ ಬಂದಿತು. 1987ರ 'ಏಂಜಲ್ ಹಾರ್ಟ್' ಚಿತ್ರದಲ್ಲಿ ಪತ್ತೇದಾರ ಹುಡುಕುತ್ತಿದ್ದ ಮನುಷ್ಯ ತಾನೇ ಎಂದು ಅರಿಯುತ್ತಾನೆ. 2014ರ 'ಟ್ರೂ ಡಿಟೆಕ್ಟಿವ್' ಧಾರಾವಾಹಿಯಂತೂ ರಾಬರ್ಟ್ ಚೇಂಬರ್ಸ್ 1895ರಲ್ಲಿ ಬರೆದ 'ದಿ ಕಿಂಗ್ ಇನ್ ಯೆಲ್ಲೋ' ಕಥೆಗಳಿಂದ ಹೆಸರುಗಳನ್ನೇ ಎತ್ತಿಕೊಂಡಿತು. ಅಲ್ಲಿ ಒಬ್ಬ ಪಾತಕಿ ಸಿಗುತ್ತಾನೆ. ಅವನ ಹಿಂದಿದ್ದ ದೊಡ್ಡವರು ಉಳಿದುಬಿಡುತ್ತಾರೆ.

ಇನ್ನು ಕನ್ನಡದ ತೆರೆಗೆ ಬರೋಣ. 1989ರಲ್ಲಿ ಸುನೀಲ್ ಕುಮಾರ್ ದೇಸಾಯಿ, ಶಂಕರ್‌ನಾಗ್ ನಟಿಸಿದ 'ತರ್ಕ'ವನ್ನು ಒಂದು ಹಾಡೂ ಇಲ್ಲದೆ ತೆಗೆದರು. ಅದರ ಮೂಲ ಅಗಾಥಾ ಕ್ರಿಸ್ಟಿಯ ನಾಟಕ. ಹೆಸರಿಗೆ ತಕ್ಕಂತೆ ಅದು ತರ್ಕದ ಕಥೆ. ಅದೇ ಸುಮಾರಿಗೆ ಸದಾನಂದ ಸುವರ್ಣರ 'ಗುಡ್ಡದ ಭೂತ' ದೂರದರ್ಶನದಲ್ಲಿ ಬಂದು, ಕರಾವಳಿಯ ಭೂತದ ಭಯವನ್ನು ನಾಡಿನ ಮನೆಮನೆಗೆ ತಂದಿತು. ಪ್ರಕಾಶ್ ರೈ ಅವರನ್ನು ನಮ್ಮಲ್ಲಿ ಅನೇಕರು ಮೊದಲು ಕಂಡದ್ದು ಅದರಲ್ಲಿಯೇ. ಆ ಧಾರಾವಾಹಿಯ 'ಡೆನ್ನಾನ' ಹಾಡು 2015ರಲ್ಲಿ ಅನೂಪ್ ಭಂಡಾರಿಯವರ 'ರಂಗಿತರಂಗ'ದಲ್ಲಿ ಮತ್ತೆ ಕೇಳಿಸಿತು. ಆ ಚಿತ್ರದಲ್ಲಿಯೂ ಊರೆಲ್ಲ ಭೂತಚೇಷ್ಟೆಯೆಂದು ನಡುಗಿದ್ದು ಕಡೆಗೆ ಮನುಷ್ಯನ ಕೃತ್ಯವೆಂದೇ ಬಯಲಾಗುತ್ತದೆ.

ಮುಂದಿನ ವರ್ಷ, ಅಂದರೆ 2016ರಲ್ಲಿ, ಪವನ್ ಕುಮಾರ್ ಅವರ 'ಯು ಟರ್ನ್' ಬೇರೊಂದು ದಾರಿ ಹಿಡಿಯಿತು. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯಲ್ಲಿ, ಸ್ವಲ್ಪ ದೂರ ಸುತ್ತುವುದನ್ನು ತಪ್ಪಿಸಲೆಂದು ಸವಾರರು ರಸ್ತೆ ವಿಭಜಕದ ಕಲ್ಲುಗಳನ್ನು ಸರಿಸಿ ವಾಹನ ತಿರುಗಿಸುತ್ತಾರೆ. ಹಾಗೆ ಮಾಡಿದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ತರುಣ ಪತ್ರಕರ್ತೆಯೂ ಒಬ್ಬ ಪೊಲೀಸ್ ಅಧಿಕಾರಿಯೂ ಸುಳಿವುಗಳನ್ನು ಹಿಡಿದು ಹೊರಟರೆ ಕೊನೆಗೆ ಎದುರಾಗುವುದು, ಅಂಥದೊಂದು ಕಲ್ಲಿನಿಂದಾದ ಅಪಘಾತದಲ್ಲಿ ಸತ್ತ ತಾಯಿಯ ಪ್ರೇತ. ಆ ಕಲ್ಲನ್ನು ಸರಿಸಿದವನು ಅವಳ ಗಂಡನೇ ಎಂಬುದು ಕಥೆಯ ಕಟ್ಟಕಡೆಯ ಗಂಟು. ಪ್ರೇತ ಅವನನ್ನು ಕೊಲ್ಲುವುದಿಲ್ಲ, ಬದುಕಲು ಬಿಡುತ್ತದೆ. ಅದೇ ಅವನಿಗೆ ಶಿಕ್ಷೆ. ಇಲ್ಲಿ ಠಾಣೆಯಿಲ್ಲ, ಕೋಳವಿಲ್ಲ, ನ್ಯಾಯಾಲಯವಿಲ್ಲ. ಆದರೂ ನ್ಯಾಯವಿಲ್ಲವೆಂದು ಹೇಳಲಾಗುವುದಿಲ್ಲ.

ನಮ್ಮ ಕಥೆಗಳಿಗೂ ಲವ್‌ಕ್ರಾಫ್ಟನ ಕಥೆಗಳಿಗೂ ಇರುವ ಅಂತರ ಈ ಬಿಂದುವಿನಲ್ಲಿದೆ. ಅವನ ದೈತ್ಯಶಕ್ತಿಗಳಿಗೆ ಮನುಷ್ಯನ ಗೊಡವೆಯೇ ಇಲ್ಲ. ನಮ್ಮ ಭೂತಪ್ರೇತಗಳಿಗಾದರೋ ನಮ್ಮ ಹೆಸರು, ಕುಲ, ಬಾಕಿ ಉಳಿಸಿಕೊಂಡ ಹರಕೆ ಎಲ್ಲವೂ ಗೊತ್ತು. ಹಳೆಯ ಮೈಸೂರು ಸೀಮೆಗೆ ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಆ ರೋಗಕ್ಕೂ ಪ್ಲೇಗಮ್ಮ ಎಂದು ಹೆಸರಿಟ್ಟು ಗುಡಿ ಕಟ್ಟಿದರು. ಮುನಿದ ತಾಯಿಯನ್ನು ಒಲಿಸಿಕೊಳ್ಳಬಹುದು. ಕಾರಣವೇ ಇಲ್ಲದ ಸಾವನ್ನು ಏನೆಂದು ಬೇಡುವುದು? ನಮ್ಮ ಬಂಡೂರಿನಂಥ ಊರುಗಳಲ್ಲಿ ಮಾರಿಯ ಭಯಕ್ಕಿಂತ ದೊಡ್ಡದು, ಮಾರಿಯೂ ಇಲ್ಲದ ಬರಿದು ಆಕಾಶದ ಭಯ.

ಆ ಬರಿದನ್ನು ಕನ್ನಡದಲ್ಲಿ ಧೈರ್ಯವಾಗಿ ನೋಡಿದ ಕೃತಿಯೊಂದಿದೆ. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' (1985). 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಕಾದಂಬರಿಯನ್ನು ಗಿರೀಶ ಕಾರ್ನಾಡರು ದೂರದರ್ಶನಕ್ಕಾಗಿ ತೆರೆಗೆ ತಂದರು. ಏಲಕ್ಕಿ ಬೆಳೆ ಕುಸಿದದ್ದೇಕೆ, ವಿಜ್ಞಾನಿ ಜೋಗಿಹಾಳರು ಸತ್ತದ್ದು ಹೇಗೆ ಎಂದು ತಿಳಿಯಲು ಗುಪ್ತಚರ ಇಲಾಖೆಯ ಅಂಗಡಿಯವರು ಕೆಸರೂರಿಗೆ ಬರುತ್ತಾರೆ. ಹುಡುಕಿದಷ್ಟೂ ಸುಳಿವುಗಳು ಕವಲೊಡೆಯುತ್ತವೆ. ಲಂಟಾನದ ಪೊದೆಯಂತೆ ಜಾತಿ, ಮತ, ದುರಾಸೆಗಳು ಊರನ್ನು ಮುತ್ತುತ್ತವೆ. ಕೊನೆಗೆ ಊರೇ ಬೆಂಕಿಗೆ ಆಹುತಿಯಾಗುತ್ತದೆ. ಪತ್ತೇದಾರಿ ಕಾದಂಬರಿಯಾಗಿ ಆರಂಭವಾದದ್ದು ಪ್ರಳಯದ ಚಿತ್ರವಾಗಿ ಮುಗಿಯುತ್ತದೆ.

ಹೆಸರಿನ ಔಚಿತ್ಯವನ್ನು ಗಮನಿಸಿ. ಚಿದಂಬರದ ಗುಡಿಯಲ್ಲಿ ನಟರಾಜನ ಪಕ್ಕದ ಪರದೆ ಸರಿಸಿದರೆ ವಿಗ್ರಹವಿಲ್ಲ; ಬಯಲಿನಲ್ಲಿ ತೂಗುವ ಚಿನ್ನದ ಬಿಲ್ವಮಾಲೆಯಷ್ಟೇ ಇದೆ. ಭಕ್ತನಿಗೆ ಆ ಬಯಲೇ ದೇವರು, ಅದಕ್ಕಾಗಿ ಕೈಮುಗಿಯುತ್ತಾನೆ. ಅದೇ ಬಯಲನ್ನು ಕಂಡು ಲವ್‌ಕ್ರಾಫ್ಟನ ಕಥಾನಾಯಕ ಕಿರುಚುತ್ತಾನೆ. ತೇಜಸ್ವಿಯವರು ಕೈಮುಗಿಯುವುದೂ ಇಲ್ಲ, ಕಿರುಚುವುದೂ ಇಲ್ಲ. ಪರದೆಯ ಹಿಂದೆ ಯಾವ ಮಹಾರಾಕ್ಷಸನೂ ಇಲ್ಲ, ಬೆಂಕಿ ಹಚ್ಚಿಕೊಂಡವರು ನೀವೇ ಎಂದು ತೋರಿಸುತ್ತಾರೆ. 'ಯು ಟರ್ನ್'ನ ಗಂಡ ಸರಿಸಿದ ಕಲ್ಲಿಗೂ ಕೆಸರೂರಿನ ಬೆಂಕಿಗೂ ಇರುವ ನಂಟು ಇದು.

ಆದ್ದರಿಂದ ಕರಾಳ ಅಂತ್ಯವೆಲ್ಲ ಎರವಲು ತಂದದ್ದೆಂದು ನಾನು ಒಪ್ಪಲಾರೆ. ಹೊರಗಿನಿಂದ ಬಂದ ರೂಪದೊಳಗೆ ನಮ್ಮವರು ಋಣ ಮತ್ತು ಹೊಣೆಗಾರಿಕೆಯ ಹಳೆಯ ಪ್ರಶ್ನೆಯನ್ನಿಟ್ಟಿದ್ದಾರೆ. ಪುರುಷೋತ್ತಮ ಕಳ್ಳನನ್ನು ಹಿಡಿದಾಗ ಪುಸ್ತಕ ಮುಚ್ಚಿ ನಿದ್ದೆ ಮಾಡುತ್ತಿದ್ದೆವು. ಈ ಕಥೆಗಳು ಮುಗಿದ ಮೇಲೆ, ಮರುದಿನ ಬೆಳಗ್ಗೆ ಗಾಡಿ ತಿರುಗಿಸುವಾಗ ಒಂದು ಕ್ಷಣ ಯೋಚಿಸುವಂತಾದರೆ ಅದೂ ಒಂದು ಬಗೆಯ ಪಾಠವೇ. 'ಚಿದಂಬರ ರಹಸ್ಯ'ವನ್ನು ಇನ್ನೂ ಓದಿಲ್ಲದವರು ಈ ಬೇಸಿಗೆ ರಜೆಯಲ್ಲಿ ಓದಿ. ಮಕ್ಕಳು ದೊಡ್ಡವರಾಗಿದ್ದರೆ ಅವರ ಕೈಗೂ ಕೊಡಿ.